ಬೆಂಗಳೂರಿನ ಡಾಲ್ಫಿನ್

ಕಾರೆಂದರೆ ಅಂಬಾಸಿಡರ್, ಫಿಯಟ್ ಎಂದಷ್ಟೇ ಇದ್ದ ಕಾಲಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಪುಟ್ಟ ಕಾರು ತಯಾರಾಯಿತು. ಬಿಳಿಕೆರೆಯ ಮಕ್ಕಳಿಗೆ ನಾನು ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಮೊದಲು ಸನ್‌ರೈಸ್ ಎಂಬ ಹೆಸರಿದ್ದ ಸಿಪಾನಿ ಕಂಪನಿ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಕಾರು ಮಾಡಿತು. 1982ರ ಹೊತ್ತಿಗೆ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿ ಎಂಜಿನ್, ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ. ಹಗುರವಾದ್ದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಜನ ಅತ್ತ ತಿರುಗಿದರು.

ಇಂಥ ಕಾರಿಗೆ ಮರುಜೀವ ಕೊಡುವುದೆಂದರೆ ಬಣ್ಣ ಬಳಿಯುವುದಲ್ಲ. ಮೈಗೆ ತುಕ್ಕು ಹಿಡಿಯದು. ಬಿರುಕಿಗೆ ಗಾಜಿನ ನಾರಿನ ಹಾಸು, ರಾಳ ಸಾಕು. ಆದರೆ ಅಡಿಯ ಉಕ್ಕಿನ ಚಾಸಿಯನ್ನು ತುಕ್ಕು ಸದ್ದಿಲ್ಲದೆ ತಿಂದಿರುತ್ತದೆ. ಮೈಯನ್ನು ಎತ್ತಿಟ್ಟು, ತುಕ್ಕು ಕೆರೆದು, ಬೆಸುಗೆ ಹಾಕಿದ ಮೇಲೆಯೇ ಮಿಕ್ಕ ಕೆಲಸ. ಬಿಡಿಭಾಗ ಸಿಗದೆಂದು ಬೇರೆ ಎಂಜಿನ್ ಕೂರಿಸಿದರೆ ಕಾರು ಓಡೀತು. ಡಾಲ್ಫಿನ್ ಆಗಿ ಉಳಿಯದು.

ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳಿವೆ. ದೊಡ್ಡ ಕಾರುಗಳನ್ನು ಕಾಯುವವರಿದ್ದಾರೆ. ಮಧ್ಯಮವರ್ಗದ ಈ ಪುಟ್ಟ ಕಾರು ಹಿತ್ತಲಲ್ಲಿ ಕೋಳಿಗೂಡಾದರೆ ನಮ್ಮ ನಾಡಿನ ಕಸುಬಿನ ಚರಿತ್ರೆಯ ಒಂದು ಪುಟವೇ ಹರಿದಂತೆ. ಗುಜರಿಯವನನ್ನು ಕರೆಯುವ ಮುನ್ನ, ಧೂಳು ಒರೆಸಿ ಹೆಸರನ್ನಾದರೂ ಓದಿ ನೋಡೋಣ.