ಮರಬೀಜದ ಕಸುವು ಪರೀಕ್ಷೆ

ಮರಬೀಜವು ನರ್ಸರಿಯ ಪಾತಿಯಲ್ಲಿ ಅಥವಾ ನೆಡುತೋಪಿನ ನೆಲದಲ್ಲಿ ಎಷ್ಟು ಬೇಗ, ಎಷ್ಟು ಏಕಪ್ರಕಾರವಾಗಿ ಮೊಳೆತು ಸಸಿಯಾಗಬಲ್ಲದು ಎಂಬುದನ್ನು ಬಿತ್ತನೆಗೆ ಮೊದಲೇ ಅಂದಾಜು ಮಾಡುವ ಪರೀಕ್ಷಾವಿಧಾನಗಳ ಸಮೂಹ. ಬೀಜಪರೀಕ್ಷೆಯ ಮೊದಲ ಕೇಂದ್ರವನ್ನು ಫ್ರೀಡ್ರಿಕ್ ನೊಬ್ಬೆ 1869ರಲ್ಲಿ ಜರ್ಮನಿಯ ಥಾರಾಂಟ್‌ನಲ್ಲಿ ಆರಂಭಿಸಿದ. ಪ್ರಯೋಗಾಲಯದ ಮೊಳಕೆ ಪರೀಕ್ಷೆ ಹದವಾದ ತೇವ, ಉಷ್ಣತೆಗಳಲ್ಲಿ ನಡೆಯುವುದರಿಂದ ಅದರ ಶೇಕಡಾ ಪ್ರಮಾಣ ಸಾಮಾನ್ಯವಾಗಿ ಬಯಲಿನದಕ್ಕಿಂತ ಹೆಚ್ಚು. ಕಸುವು ಪರೀಕ್ಷೆಯ ಅಗತ್ಯ ಹುಟ್ಟುವುದು ಈ ಅಂತರದಿಂದ.

ಟೆಟ್ರಜೋಲಿಯಂ ಪರೀಕ್ಷೆಯಲ್ಲಿ ಜೀವಂತ ಅಂಗಾಂಶದ ಡೀಹೈಡ್ರೋಜಿನೇಸ್ ಕಿಣ್ವಗಳು ಬಣ್ಣವಿಲ್ಲದ ಲವಣವನ್ನು ಕೆಂಪು ಫಾರ್ಮಜಾನ್ ಆಗಿ ಬದಲಿಸುತ್ತವೆ. ಭ್ರೂಣದ ಯಾವ ಭಾಗ ಬಣ್ಣ ತಳೆಯಿತೆಂಬುದೇ ನಿರ್ಣಾಯಕ. ವಿದ್ಯುದ್ವಾಹಕತೆ ಪರೀಕ್ಷೆ, ಕೋಶಪೊರೆ ಶಿಥಿಲವಾದ ಬೀಜದಿಂದ ನೆನೆಹಾಕಿದ ನೀರಿಗೆ ಸೋರುವ ಲವಣಾಂಶವನ್ನು ಅಳೆಯುತ್ತದೆ. ವೇಗವರ್ಧಿತ ಮುಪ್ಪಿನ ಪರೀಕ್ಷೆಯಲ್ಲಿ ಬೀಜವನ್ನು ಹೆಚ್ಚಿನ ಶಾಖ, ತೇವಾಂಶಗಳಿಗೆ ಒಡ್ಡಿದ ಬಳಿಕ ಮೊಳೆಸುತ್ತಾರೆ. 1962ರಲ್ಲಿ ಜಬಾಟರ್ ರೂಪಿಸಿದ ಮೊಳಕೆ ಮೌಲ್ಯವು ವೇಗ, ಪೂರ್ಣತೆಗಳನ್ನು ಒಂದೇ ಅಂಕಿಯಲ್ಲಿ ಹಿಡಿಯುತ್ತದೆ.

ಬೆಳೆಬೀಜಗಳ ಮಾನದಂಡ ಮರಗಳಿಗೆ ನೇರವಾಗಿ ಒಗ್ಗದು. ಗಟ್ಟಿ ಓಟೆಯ ತೇಗ ವಾರಗಟ್ಟಲೆ ಬಿಡಿಬಿಡಿಯಾಗಿ ಮೊಳೆಯುತ್ತದೆ. ಬೇವಿನ ಬೀಜ ಸಾಮಾನ್ಯ ಸಂಗ್ರಹಣೆಯಲ್ಲಿ ಬೇಗನೆ ಜೀವ ಕಳೆದುಕೊಳ್ಳುತ್ತದೆ. ಧೂಪದ ಬೀಜ ಒಣಗಿದರೆ ಸಾಯುತ್ತದೆ. ಮಣ್ಣಿನ ಹೆಪ್ಪು, ಶಿಲೀಂಧ್ರ, ಇಲಿಗಳ ಕಾಟ ಯಾವ ಪರೀಕ್ಷೆಗೂ ಸಿಗದ ಕಾರಣ, ಮುನ್ಸೂಚನೆಗೆ ಸ್ಥಳೀಯ ಪಾತಿಯ ಹಿಂದಿನ ದಾಖಲೆಗಳನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.