ಕುಮಾರ ಪರ್ವತ ಚಾರಣ ಮಾರ್ಗ

ಪಶ್ಚಿಮಘಟ್ಟದ ಪುಷ್ಪಗಿರಿ ವನ್ಯಜೀವಿಧಾಮದಲ್ಲಿ, ದಕ್ಷಿಣ ಕನ್ನಡ ಮತ್ತು ಕೊಡಗಿನ ಗಡಿಯಲ್ಲಿರುವ 1,712 ಮೀಟರ್ ಎತ್ತರದ ಶಿಖರಕ್ಕೆ ಹೋಗುವ ಕಾಲುದಾರಿ. ಪುಷ್ಪಗಿರಿ ಎಂದೂ ಹೆಸರಿದೆ. ಕೊಡಗಿನಲ್ಲಿ ಇದಕ್ಕಿಂತ ಎತ್ತರದ್ದು ತಡಿಯಂಡಮೋಳ್ (1,748 ಮೀ.) ಮಾತ್ರ.

ದಾರಿಗಳು ಎರಡು. ಸೋಮವಾರಪೇಟೆ ಕಡೆಯ ಬೀದಳ್ಳಿಯದು ಚಿಕ್ಕದು, ನೆರಳಿನದು. ಕುಕ್ಕೆ ಸುಬ್ರಹ್ಮಣ್ಯದ್ದು ನಿಜವಾದ ಪರೀಕ್ಷೆ: ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು (1,226 ಮೀ.) ಬೆಳಿಗ್ಗೆ ಹತ್ತಿ ಮಧ್ಯಾಹ್ನಕ್ಕೆ ಇಳಿದವರು ಅದೇ ಲೆಕ್ಕದಲ್ಲಿ ಇಲ್ಲಿಗೆ ಬಂದರೆ ಸುಸ್ತಾಗುವುದು ಖಂಡಿತ. ಮೊದಲು ದಟ್ಟ ಕಾಡಿನ ಬೇರು, ಕಲ್ಲುಗಳ ನಡುವಿನ ಏರು. ಆಮೇಲೆ ಗಿರಿಗದ್ದೆಯ ಭಟ್ಟರ ಮನೆ. ಅನ್ನ, ಸಾಂಬಾರು, ಮಜ್ಜಿಗೆಯ ಊಟಕ್ಕೆ ಹೆಸರಾದ ಈ ಮನೆಯಲ್ಲಿ ರಾತ್ರಿ ತಂಗಿ, ಮರುದಿನ ಶಿಖರಕ್ಕೆ ಹೋಗುವುದು ಹಳೆಯ ರೂಢಿ. ಅಲ್ಲಿಂದಾಚೆ ಬೋಳು ಹುಲ್ಲುಗುಡ್ಡ, ಬಿಸಿಲು ಕಾರುವ ದಾರಿ. ಕಲ್ಲುಮಂಟಪ ದಾಟಿದರೆ ಶೇಷಪರ್ವತ. ಮುಂದೆ ಶೋಲಾ ಕಾಡು, ಜಾರುವ ಬಂಡೆ, ಶಿಖರ.

ಕುಮಾರಧಾರಾ ನದಿ ಈ ಬೆಟ್ಟಸಾಲಿನಲ್ಲಿ ಹುಟ್ಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಆಯುಧ ತೊಳೆದದ್ದು ಇದೇ ನೀರಿನಲ್ಲಿ ಎಂಬುದು ಸ್ಥಳಪುರಾಣ.

ಮಳೆಗಾಲದಲ್ಲಿ ಇಂಬಳ, ಬೇಸಿಗೆಯಲ್ಲಿ ಕಾಳ್ಗಿಚ್ಚು; ಅಕ್ಟೋಬರಿನಿಂದ ಜನವರಿ ಒಳ್ಳೆಯ ಕಾಲ. 2024ರ ಜನವರಿಯ ವಿಪರೀತ ನೂಕುನುಗ್ಗಲಿನ ನಂತರ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿತು. ಟೆಂಟು ಹೊರುವ ಮುನ್ನ ತಂಗುವ ನಿಯಮವನ್ನು ಇಲಾಖೆಯಲ್ಲೇ ವಿಚಾರಿಸಿಕೊಳ್ಳಬೇಕು.