ಶ್ರೀಗಂಧದ ಕುಲವೃತ್ತಾಂತ

ಅಮರಸಿಂಹನು ತನ್ನ ಕೋಶದಲ್ಲಿ ಶ್ರೀಗಂಧಕ್ಕೆ ಗಂಧಸಾರ, ಮಲಯಜ, ಭದ್ರಶ್ರೀ, ಚಂದನ ಎಂಬ ಹೆಸರುಗಳನ್ನು ಹೇಳಿದ್ದಾನೆ. ಕೌಟಿಲ್ಯನು ರಾಜಭಂಡಾರಕ್ಕೆ ಸೇರತಕ್ಕ ಚಂದನಗಳ ಬಣ್ಣವನ್ನೂ ವಾಸನೆಯನ್ನೂ ವಿಂಗಡಿಸಿ ಬರೆದಿದ್ದಾನೆ. ಗಂಧದ ಪರೀಕ್ಷೆ ಇಷ್ಟು ಸೂಕ್ಷ್ಮವಾಗಿ ನಡೆದ ನಾಡಿನಲ್ಲಿ ಆ ಮರದ ಸಂತಾನಕ್ರಮದ ವಿಚಾರವು ಬಹುಕಾಲ ಹಿಂದೆಯೇ ಉಳಿಯಿತು. ಮೈಸೂರು ಸೀಮೆಯಲ್ಲಿ ಅದಕ್ಕೆ ಒದಗಿದ ದುರವಸ್ಥೆಯ ಒಂದು ಬೇರು ಆ ವಿಚಾರದಲ್ಲಿಯೇ ಅಡಗಿದೆ.

ಗಂಧದ ಹೂವು ಬಹಳ ಸಣ್ಣದು. ಅರಳುವಾಗ ತಿಳಿಹಳದಿ, ಮಾಗಿದಂತೆಲ್ಲ ಕೆಂಪುಗಪ್ಪು. ಗಂಡು ಹೆಣ್ಣು ಅಂಗಗಳೆರಡೂ ಒಂದೇ ಹೂವಿನಲ್ಲಿದ್ದರೂ, ತನ್ನ ಪರಾಗದಿಂದ ತಾನೇ ಕಾಯಿಕಟ್ಟುವುದು ವಿರಳ. ಜೇನು, ನೊಣ ಮೊದಲಾದ ಕೀಟಗಳು ಬೇರೊಂದು ಮರದ ಪರಾಗವನ್ನು ತಂದರೇ ಫಲವು ಚೆನ್ನಾಗಿ ನಿಲ್ಲುತ್ತದೆ. ಸಗೋತ್ರವಿವಾಹ ಕೂಡದೆಂದು ಧರ್ಮಶಾಸ್ತ್ರಕಾರರು ಬರೆದಿಟ್ಟರು; ಈ ಮರವು ಯಾರೂ ಬರೆಯದೆಯೇ ಅದಕ್ಕೆ ಸಮೀಪವಾದ ನಿಯಮವೊಂದನ್ನು ಬಹುಮಟ್ಟಿಗೆ ಪಾಲಿಸುತ್ತಿದೆ. ಇಂತಹ ನಿಯಮದ ಪ್ರಯೋಜನವೇನೆಂಬುದನ್ನು ಡಾರ್ವಿನ್ ಪಂಡಿತನು ಹನ್ನೊಂದು ವರ್ಷ ನಾನಾ ಜಾತಿಯ ಗಿಡಗಳನ್ನು ಬೆಳೆಸಿ ಪರೀಕ್ಷಿಸಿದನು. ಸ್ವಪರಾಗದಿಂದ ಹುಟ್ಟಿದ ಸಂತತಿಯು ಎತ್ತರದಲ್ಲಿಯೂ ಬಲದಲ್ಲಿಯೂ ಸಾಮಾನ್ಯವಾಗಿ ಕುಂದಿರುವುದೆಂದು 1876ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು.

ಫಲವಾದ ಮೇಲೆ ಕೆಲಸವು ಹಕ್ಕಿಗಳದು. ಪಿಕಳಾರವೂ ಕೋಗಿಲೆಯೂ ಕಪ್ಪು ಹಣ್ಣನ್ನು ತಿಂದು ಬೀಜವನ್ನು ದೂರದ ಬೇಲಿಗಳಲ್ಲಿಯೂ ಪೊದೆಗಳಲ್ಲಿಯೂ ಉದುರಿಸುತ್ತವೆ. ಗಂಧದ ಬೇರು ನೆರೆಗಿಡಗಳ ಬೇರಿಗೆ ಅಂಟಿ ರಸವನ್ನು ಹೀರುವುದೆಂದು 1871ರಲ್ಲಿ ಜಾನ್ ಸ್ಕಾಟನು ಪ್ರಕಟಿಸಿದನು. ಆದುದರಿಂದ ಬೇಲಿಯ ಪೊದೆಯು ಅದಕ್ಕೆ ತೊಟ್ಟಿಲೂ ಹೌದು, ಅನ್ನಸತ್ರವೂ ಹೌದು.

ಇನ್ನು ಮನುಷ್ಯನ ಕೈವಾಡ. 1792ರಲ್ಲಿ ಟಿಪ್ಪುಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನೆಂದು ಪ್ರಸಿದ್ಧಿಯಿದೆ. ಮುಂದಿನ ಮೈಸೂರು ಸರ್ಕಾರವೂ ಆ ಹಕ್ಕನ್ನು ಬಿಡಲಿಲ್ಲ. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ ಹುಟ್ಟಿತು. ಗಂಧದ ಬೆಲೆಯೆಲ್ಲ ಚೇಗಿನಲ್ಲಿ. ಎಣ್ಣೆಯು ಬೇರಿನಲ್ಲಿ ಇನ್ನೂ ಹೆಚ್ಚು. ಆದಕಾರಣ ಈ ಮರವನ್ನು ಕಡಿಯುವುದಲ್ಲ, ಬುಡಸಹಿತ ಅಗೆದು ಕೀಳುವುದು ವಾಡಿಕೆಯಾಯಿತು. ನೆಲದಲ್ಲಿ ಉಳಿದ ಬೇರಿನ ತುಂಡುಗಳಿಂದ ಹೊಸ ಚಿಗುರುಗಳೆದ್ದು ಮರಗಳಾದವು. ನೋಡುವವರ ಕಣ್ಣಿಗೆ ವನವು ಮತ್ತೆ ತುಂಬಿದಂತೆಯೇ! ಆದರೆ ಒಂದೇ ಬೇರಿನಿಂದೆದ್ದ ಹತ್ತು ಮರಗಳಿಗೆ ಸಗೋತ್ರವೆಂಬ ಮಾತೂ ಸಾಲದು. ಅವು ಹತ್ತು ರೂಪು ತಾಳಿದ ಒಂದೇ ಮರ. ಅವುಗಳೊಳಗೆ ಪರಾಗವು ಎಷ್ಟು ಸಂಚರಿಸಿದರೂ ಅದು ಸ್ವಪರಾಗವೇ.

ಇದರ ಕೊನೆಯು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಆಸ್ಟ್ರೇಲಿಯಾದ ದೃಷ್ಟಾಂತವೊಂದುಂಟು. ಗಂಧದ ದಾಯಾದಿಯಾದ ಒಂದು ಮರವು ವಿಕ್ಟೋರಿಯ ಪ್ರಾಂತದ ಉತ್ತರಭಾಗದಲ್ಲಿ ಚಿಕ್ಕ ಚಿಕ್ಕ ಗುಂಪುಗಳಾಗಿ ಉಳಿದಿತ್ತು. ಆ ಗುಂಪುಗಳು ಬೇರಿನ ಚಿಗುರಿನಿಂದಲೇ ಹಬ್ಬಿದವೆಂದೂ, ಹೂ ಬಿಟ್ಟರೂ ಬೀಜಕಟ್ಟಲಾರದೆ ಹೋಗುತ್ತಿರುವವೆಂದೂ 2000ದಲ್ಲಿ ಶೋಧಕರು ಪ್ರಕಟಿಸಿದರು. ಮರ ಬದುಕಿದೆ, ಸಂತಾನ ನಿಂತಿದೆ.

ಮೈಸೂರಿನ ಗಂಧವು ಇನ್ನೂ ಆ ಸ್ಥಿತಿಗೆ ಇಳಿದಿಲ್ಲ. ಗಣೇಶಯ್ಯ, ಉಮಾಶಂಕರ್ ಮೊದಲಾದ ವಿದ್ವಾಂಸರು ದಕ್ಷಿಣ ಭಾರತದ ಗಂಧದ ಮರಗಳ ವಂಶವೈವಿಧ್ಯವನ್ನು ಅಳೆದು 2007ರಲ್ಲಿ ಪ್ರಕಟಿಸಿದ ಶೋಧನೆಯಂತೆ, ದಖನ್ ಪ್ರಸ್ಥಭೂಮಿಯೇ ಆ ವೈವಿಧ್ಯದ ಮುಖ್ಯ ನೆಲೆ. ಆದರೆ ಈ ನಿಧಿಗೆ ಕಾವಲು ದುರ್ಬಲ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗವು ಲಕ್ಷಗಟ್ಟಲೆ ಮರಗಳನ್ನು ನುಂಗಿತು. ಅದರ ಕಾರಣವಾದ ಅತಿಸೂಕ್ಷ್ಮ ಜೀವಿಯು ಪತ್ತೆಯಾದುದು 1969ರಲ್ಲಿ. ಇನ್ನು ಕಳ್ಳನು ಆರಿಸುವುದು ಚೇಗು ತುಂಬಿದ ದೊಡ್ಡ ಮರವನ್ನೇ. ಮುಂದಿನ ಪೀಳಿಗೆಗೆ ತಾಯ್ತಂದೆಗಳಾಗಿ ಉಳಿಯುವುವು ಅವನಿಗೆ ಬೇಡವಾದ ಸಣಕಲುಗಳು.

ಎಲ್ಲಕ್ಕಿಂತ ವಿಚಿತ್ರವಾದ ಹಾನಿಯನ್ನು ಮಾಡಿದುದು ಕಾವಲಿಗೆಂದು ಹುಟ್ಟಿದ ಕಾನೂನೇ ಎನ್ನಬೇಕಾಗುತ್ತದೆ. ತನ್ನ ಹೊಲದಲ್ಲಿ ತಾನಾಗಿ ಎದ್ದ ಗಂಧವೂ ಸರ್ಕಾರದ್ದು. ಅದು ಕಳುವಾದರೆ ವಿಚಾರಣೆ ರೈತನಿಗೆ. ಹೀಗಿರಲು ಹಕ್ಕಿ ಬಿತ್ತಿದ ಸಸಿಯನ್ನು ಅವನು ಕಂಡಕೂಡಲೆ ಕಿತ್ತೆಸೆದರೆ ಆಶ್ಚರ್ಯವೇನು? ಕಾಡು ಕಾಡುಗಳ ನಡುವೆ ಪರಾಗವು ದಾಟಿಹೋಗಲು ಸೇತುವೆಯಂತೆ ನಿಂತಿದ್ದ ಮರಗಳು ಈ ಬೇಲಿಯ ಮರಗಳೇ. ಅವು ಹೋದ ಮೇಲೆ ಒಂದೊಂದು ತೋಪೂ ಒಂದೊಂದು ದ್ವೀಪವಾಯಿತು.

2001ರಲ್ಲಿ ಕರ್ನಾಟಕವು ಕಾನೂನನ್ನು ತಿದ್ದಿ ಭೂಮಿಯ ಒಡೆಯನಿಗೇ ಮರದ ಒಡೆತನವನ್ನು ಕೊಟ್ಟಿತು. ಅಂದಿನಿಂದ ಗಂಧವನ್ನು ಕಿತ್ತೆಸೆಯುತ್ತಿದ್ದ ಹೊಲಗಳಲ್ಲಿಯೇ ಸಸಿಗಳನ್ನು ಸಾಲಾಗಿ ನೆಡುವವರು ಹೆಚ್ಚುತ್ತಿದ್ದಾರೆ. ಒಂದೇ ತಾಯಿಮರದಡಿ ಆಯ್ದ ಬೀಜದಿಂದ ಎದ್ದ ಸಾವಿರ ಸಸಿಗಳು ಒಂದೇ ಮನೆಯ ಮಕ್ಕಳು. ಸಸಿಯನ್ನು ಕೊಳ್ಳುವವನು ಬೆಲೆಯ ಜೊತೆಗೆ ಬೀಜವು ಎಷ್ಟು ಮರಗಳದು, ಯಾವ ಯಾವ ಕಾಡಿನದು ಎಂದೂ ಕೇಳಬೇಕಾಗಿದೆ.